ದೊಡ್ಡಪ್ಪನ ಕೋವಿಯಲ್ಲಿ ನಿಲ್ಲದ ಪಿನ್ನು

ಮಧುಗಿರಿಯಲ್ಲಿ ನನ್ನದೊಂದು ಲೇತ್ ಅಂಗಡಿ. ಬೋರ್‌ವೆಲ್ ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಬುಷ್ಷು, ರಾಗಿ ಮಿಲ್ಲಿನ ಪುಲ್ಲಿ, ಇಂಥ ಕೆಲಸಗಳಲ್ಲೇ ದಿನ ಹೋಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ದೊಡ್ಡಪ್ಪ ಮಗನ ಬೈಕಿನ ಹಿಂದೆ ಕೂತು ಬಂದರು. ತೊಡೆಯ ಮೇಲೆ ಕ್ಯಾನ್ವಾಸ್ ಚೀಲದಲ್ಲಿ ಕೋವಿ. ನನಗೆ ಅವರು ದೂರದ ಸಂಬಂಧ, ಆದರೆ ಹುಟ್ಟಿದಾಗಿನಿಂದ ದೊಡ್ಡಪ್ಪ ಅಂತಲೇ ಕರೆದಿದ್ದೇನೆ. ವಯಸ್ಸು ಎಪ್ಪತ್ನಾಲ್ಕು. ಬೆಟ್ಟದ ಬುಡದಲ್ಲಿ ನಾಲ್ಕು ಎಕರೆ ಹೊಲ, ಅದರಲ್ಲಿ ಎರಡೂವರೆ ಎಕರೆ ಕಡಲೆಕಾಯಿ. ಬೆಳೆ ರಕ್ಷಣೆಗೆಂದು ಬಹಳ ಹಿಂದೆ ಲೈಸೆನ್ಸ್ ಮಾಡಿಸಿಕೊಂಡ ಒಂಟಿ ನಳಿಕೆಯ ಹನ್ನೆರಡು ಬೋರಿನ ಕೋವಿ ಅದು.

"ನೋಡೋ, ಪಿನ್ನು ನಿಲ್ತಾ ಇಲ್ಲ. ಒಂದು ಪಿನ್ನು ಮಾಡಿ ಹೊಡೆದುಕೊಡು, ಐದು ನಿಮಿಷದ ಕೆಲಸ."

ಐದು ನಿಮಿಷದ ಕೆಲಸ ಅಂತ ಗಿರಾಕಿಯೇ ಹೇಳಿದರೆ ಅದು ಮಧ್ಯಾಹ್ನದ ಊಟ ತಪ್ಪಿಸುವ ಕೆಲಸ ಅಂತ ನನಗೆ ಗೊತ್ತು. ಇದು ಒಂದೂವರೆ ತಿಂಗಳು ತೆಗೆದುಕೊಂಡಿತು.

ಮೊದಲು ನಳಿಕೆ ಬಗ್ಗಿಸಿ ತೋರಿಸಿ ಅಂದೆ. ಬಗ್ಗಿಸಿದರು. ಆಚೆ ತುದಿಯಿಂದ ಬೀದಿಯ ಬೆಳಕು ಕಂಡಿತು. ಖಾಲಿ. ತೋಟಾಗಳನ್ನು ಮನೆಯಲ್ಲೇ ಬೀಗ ಹಾಕಿಟ್ಟು ಬಂದಿದ್ದರು. ಆಮೇಲೆ ಬೆಂಚಿನ ಮೇಲೆ ಗೋಣಿ ಹಾಸಿ ಇಡಲು ಹೇಳಿದೆ. ಟ್ರಿಗರಿನ ಮೇಲ್ಭಾಗದಲ್ಲಿ, ಕೋವಿಯ ಒಡಲಿನ ಎಡಗಡೆ, ಪಿನ್ನಿನ ತುದಿ ಅಕ್ಕಿಕಾಳಿನಷ್ಟು ಹೊರಗೆ ಇಣುಕುತ್ತಿತ್ತು. ಬಲಗಡೆ ಅಷ್ಟೇ ಒಳಗೆ ಸರಿದಿತ್ತು. ಟ್ರಿಗರನ್ನು ಅಡ್ಡಡ್ಡಕ್ಕೆ ಮುಟ್ಟಿದರೆ ಸಡಿಲ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಕೋವಿಯನ್ನು ಎಡಕ್ಕೆ ವಾಲಿಸಿದೆವು ಅಷ್ಟೇ, ಪಿನ್ನು ತಾನಾಗಿ ಜಾರಿ ಗೋಣಿಯ ಮೇಲೆ ಬಿತ್ತು. ನಾನು ಸುತ್ತಿಗೆ, ಪಂಚು ಯಾವುದನ್ನೂ ಮುಟ್ಟಿರಲಿಲ್ಲ.

ಆ ಪಿನ್ನಿನ ಕೆಲಸ ಏನು ಅಂತ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಟ್ರಿಗರ್ ಒಂದು ಸನ್ನೆಗೋಲು. ಪಿನ್ನು ಅದರ ಕೀಲು. ಈ ಬಗೆಯ ಸರಳ ಕೋವಿಯಲ್ಲಿ ಟ್ರಿಗರಿನ ಮೂಗು ನೇರವಾಗಿ ಹ್ಯಾಮರಿನ, ಅಂದರೆ ಬಡಿದು ತೋಟಾ ಸಿಡಿಸುವ ಭಾಗದ, ಕಚ್ಚಿನಲ್ಲಿ ಕೂರುತ್ತದೆ. ಬೆರಳು ಎಳೆದಾಗ ಮೂಗು ಕಚ್ಚಿನಿಂದ ಜಾರುತ್ತದೆ, ಹ್ಯಾಮರ್ ಬೀಳುತ್ತದೆ. ಆ ಮೂಗು ಮತ್ತು ಕಚ್ಚಿನ ನಡುವಿನ ಹಿಡಿತ ಒಂದು ಮಿಲಿಮೀಟರಿನ ಆಸುಪಾಸು. ಎತ್ತಿ ನಿಲ್ಲಿಸಿದ ಹ್ಯಾಮರಿಗೂ ತೋಟಾಕ್ಕೂ ನಡುವೆ ಇರುವುದು ಇಷ್ಟೇ ಉಕ್ಕು. ಕೀಲು ಸಡಿಲವಾದರೆ ಮೂಗು ವಾರೆಯಾಗಿ, ಅರ್ಧಂಬರ್ಧ ಕೂರುತ್ತದೆ. ಗಾಡಿ ಹಳ್ಳಕ್ಕೆ ಇಳಿದ ಕುಲುಕಾಟಕ್ಕೆ, ಬದುವಿನ ಮೇಲೆ ಕಾಲು ಜಾರಿದ ಪೆಟ್ಟಿಗೆ, ಬೆರಳೇ ತಾಗದೆ ಹ್ಯಾಮರ್ ಬಿದ್ದುಬಿಡಬಹುದು. "ಪಿನ್ನು ನಿಲ್ತಾ ಇಲ್ಲ" ಅನ್ನುವುದು ಕೊಟ್ಟಿಗೆ ಬಾಗಿಲ ಚಿಲಕದ ದೂರಿನ ಹಾಗೆ ಕೇಳಿಸಿದರೂ ವಿಷಯ ಅದಲ್ಲ. ರಾತ್ರಿ ಹೊತ್ತು, ಹೊಲದ ಬದುವಿನ ಮೇಲೆ, ಮಗ ಟಾರ್ಚ್ ಹಿಡಿದು ಮುಂದೆ ನಡೆಯುತ್ತಿರುತ್ತಾನೆ.

ಯಾಕೆ ಸಡಿಲವಾಯಿತು ಅನ್ನುವುದಕ್ಕೆ ಅಂಗಡಿಯಲ್ಲಿ ಅರ್ಧ ಗಂಟೆಯೊಳಗೆ ಮೂರು ಕಾರಣ ಹುಟ್ಟಿದವು.

ದೊಡ್ಡಪ್ಪನ ಪ್ರಕಾರ ತಪ್ಪು ಪೊಲೀಸ್ ಠಾಣೆಯದು. ಲೋಕಸಭಾ ಚುನಾವಣೆಯ ನೀತಿ ಸಂಹಿತೆ 2024ರ ಮಾರ್ಚ್ 16ರಂದು ಜಾರಿಯಾಯಿತು. ನಮ್ಮ ಕಡೆ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ಪ್ರತಿ ಚುನಾವಣೆಯ ಹಾಗೆ ಈ ಸಲವೂ ಲೈಸೆನ್ಸಿನ ಕೋವಿ ಠಾಣೆಗೆ ಒಪ್ಪಿಸಿ, ರಸೀದಿ ಪಡೆದು, ಜೂನ್ ಮಧ್ಯದಲ್ಲಿ ವಾಪಸ್ ತಂದಿದ್ದರು. "ಮೂರು ತಿಂಗಳು ಅವರ ಹತ್ತಿರ ಇತ್ತು. ಎಲ್ಲೋ ಬೀಳಿಸಿದ್ದಾರೆ." ಬಿದ್ದ ಪೆಟ್ಟಿಗೆ ಪಿನ್ನು ಸಡಿಲವಾಗಿದ್ದರೆ ಅದು ಬಾಗಿರಬೇಕು. ನನ್ನ ಹತ್ತಿರ ಒಂದು ದಪ್ಪ ಗಾಜಿನ ತುಂಡಿದೆ. ಅದರ ಮೇಲೆ ಪಿನ್ನನ್ನು ಉರುಳಿಸಿದೆ. ಬಾಗಿದ ಪಿನ್ನು ಕುಂಟುತ್ತದೆ, ಅಡಿಯಿಂದ ಬೆಳಕು ಮಿಣುಕುತ್ತದೆ. ಇದು ನೇರವಾಗಿ ಉರುಳಿತು. ಹಿಡಿಯ ಮರದಲ್ಲೂ ಹೊಸ ಗೀರಿಲ್ಲ, ಕೋವಿಯ ಒಡಲಿನಲ್ಲೂ ಪೆಟ್ಟಿನ ಗುರುತಿಲ್ಲ. ಠಾಣೆಯವರನ್ನು ಬಿಟ್ಟುಬಿಡಿ ಅಂದೆ. ದೊಡ್ಡಪ್ಪನಿಗೆ ಅಷ್ಟು ಸಮಾಧಾನವಾಗಲಿಲ್ಲ.

ಮಗನದು ಬಿಸಿಲಿನ ವಾದ. ಆ ವರ್ಷದ ಬೇಸಿಗೆ ಎಂಥದಿತ್ತು ಅಂತ ಎಲ್ಲರಿಗೂ ನೆನಪಿದೆ. ಕಬ್ಬಿಣ ಹಿಗ್ಗಿ ತೂತು ದೊಡ್ಡದಾಗಿದೆ ಅಂದ. ಇದು ಕೇಳಲು ಶಾಸ್ತ್ರೀಯವಾಗಿದೆ, ಲೆಕ್ಕ ಹಾಕಿದರೆ ಉಳಿಯುವುದಿಲ್ಲ. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮೂರು ಮಿಲಿಮೀಟರಿನ ತೂತು ಇಪ್ಪತ್ತು ಡಿಗ್ರಿ ಬಿಸಿಯಾದರೂ ಹಿಗ್ಗುವುದು ಒಂದು ಮೈಕ್ರಾನಿಗೂ ಕಡಿಮೆ. ಅದರಲ್ಲೂ ಪಿನ್ನು ಉಕ್ಕೇ, ಒಡಲೂ ಉಕ್ಕೇ. ಎರಡೂ ಒಟ್ಟಿಗೆ ಹಿಗ್ಗುತ್ತವೆ, ಒಟ್ಟಿಗೆ ಕುಗ್ಗುತ್ತವೆ. ಕೂದಲೆಳೆಯ ದಪ್ಪವೇ ಐವತ್ತು ಮೈಕ್ರಾನಿನ ಮೇಲಿರುವಾಗ ಈ ಒಂದು ಮೈಕ್ರಾನಿಗೆ ಪಿನ್ನು ಜಾರುವುದಿಲ್ಲ.

ಮೂರನೆಯದು ತುಕ್ಕು. ಅದು ನನ್ನದೇ ಅನುಮಾನ. ಆದರೆ ತುಕ್ಕು ಹಿಡಿದ ಕಬ್ಬಿಣ ಮೊದಲು ಉಬ್ಬುತ್ತದೆ. ಹಳೆ ಬಾಗಿಲಿನ ಕೀಲು ಬಿಗಿಯುವುದು ಇದರಿಂದಲೇ. ತುಕ್ಕಿನ ಪಿನ್ನು ಕಚ್ಚಿಕೊಂಡು ಕೂರುತ್ತದೆ, ತಾನಾಗಿ ಬೀಳುವುದಿಲ್ಲ. ಇಲ್ಲಿ ಪಿನ್ನಿನ ಮೇಲೆ ಎಣ್ಣೆಯ ಪಸೆ ಬಿಟ್ಟರೆ ಬೇರೇನೂ ಇರಲಿಲ್ಲ.

ಆಗ ಪಿನ್ನನ್ನೇ ಸರಿಯಾಗಿ ನೋಡಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಮೈಕ್ರೋಮೀಟರಿನಲ್ಲಿ ಒಂದು ತುದಿ 2.95 ಮಿಲಿಮೀಟರ್, ನಡುವೆ ಟ್ರಿಗರ್ ಕೂರುವ ಜಾಗದಲ್ಲಿ 2.87. ಕಾಲು ಸುತ್ತು ತಿರುಗಿಸಿ ಅಳೆದರೆ ಮತ್ತೊಂದು ಅಂಕಿ, ಅಂದರೆ ದುಂಡಗೇ ಇಲ್ಲ. ಅರ ಹಾಕಿದರೆ ಬೆಣ್ಣೆಯ ಹಾಗೆ ಕಚ್ಚಿತು. ಕೋವಿಯ ಪಿನ್ನು ಹಾಗೆ ಮೆದುವಾಗಿರಬಾರದು. ಇನ್ನೊಂದು ತುದಿಯ ಹತ್ತಿರ ಸುತ್ತಲೂ ಸಣ್ಣ ಅಡ್ಡ ಗೆರೆಗಳು, ಉಗುರಿಗೆ ತಾಗುವಷ್ಟು. ಆ ಗೆರೆಗಳನ್ನು ದಿನಾ ನೋಡುತ್ತೇನೆ, ಆದರೂ ಗುರುತು ಹಿಡಿಯಲು ಎರಡು ನಿಮಿಷ ಬೇಕಾಯಿತು. ತಂತಿ ಮೊಳೆಯ ತಲೆಯ ಕೆಳಗೆ ಇರುವ ಗೆರೆಗಳು ಅವು. ಮೊಳೆ ತಯಾರಿಸುವ ಯಂತ್ರ ತಂತಿಯನ್ನು ಬಿಗಿಯಾಗಿ ಹಿಡಿದು ತಲೆ ಕುಟ್ಟುವಾಗ ಬೀಳುವ ಗುರುತು. ಮರದಲ್ಲಿ ಅದು ಒಳ್ಳೆಯ ಹಿಡಿತ ಕೊಡುತ್ತದೆ.

"ದೊಡ್ಡಪ್ಪ, ಇದು ಮೊಳೆ."

ಅವರು ಬೀದಿ ಕಡೆ ನೋಡಿದರು. ಮಗ ಅವರ ಕಡೆ ನೋಡಿದ.

"ಯಾರು ಹಾಕಿದ್ದು?"

"ಯಾರೋ ಹಾಕಿರ್ತಾರೆ ಬುಡು. ಈಗ ಹೊಸದು ಮಾಡು."

ನನ್ನ ಡಬ್ಬಿಯಲ್ಲಿ ಯಂತ್ರದ ಭಾಗಗಳನ್ನು ಜೋಡಿಸುವ 3 ಮಿಲಿಮೀಟರಿನ ಗಟ್ಟಿ ಡೋವೆಲ್ ಪಿನ್ನುಗಳಿವೆ. ಕೈ ಹಾಕಿದರೆ ಸಿಗುವಷ್ಟು ಹತ್ತಿರ. ನಾನು ತೆಗೆಯಲಿಲ್ಲ. ಅದಕ್ಕೆ ಎರಡು ಕಾರಣ. ಎರಡನೆಯದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯ ಲೇತಿನವರು ಬಹಳ ಮಂದಿಗೆ ಅದು ಗೊತ್ತಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಬಂದೂಕು ತಯಾರಿಸುವುದಕ್ಕೆ, ಮಾರುವುದಕ್ಕೆ ಮಾತ್ರ ಲೈಸೆನ್ಸ್ ಕೇಳುವುದಲ್ಲ, ರಿಪೇರಿಗೂ ಕೇಳುತ್ತದೆ. ದೊಡ್ಡಪ್ಪನ ಹತ್ತಿರ ಇರುವುದು ಕೋವಿ ಇಟ್ಟುಕೊಳ್ಳುವ ಲೈಸೆನ್ಸು. ನನ್ನ ಹತ್ತಿರ ಇರುವುದು ಪುರಸಭೆಯ ಅಂಗಡಿ ಪರವಾನಗಿ. ಎರಡನ್ನೂ ಸೇರಿಸಿದರೂ ರಿಪೇರಿಯ ಲೈಸೆನ್ಸ್ ಆಗುವುದಿಲ್ಲ. 2019ರ ತಿದ್ದುಪಡಿಯ ನಂತರ 25ನೇ ಸೆಕ್ಷನ್ನಿನಲ್ಲಿ 5ನೇ ಸೆಕ್ಷನ್ ಮೀರಿದವರಿಗೆ ಕನಿಷ್ಠ ಏಳು ವರ್ಷ, ಹೆಚ್ಚೆಂದರೆ ಜೀವಾವಧಿ. ಮೂರು ಮಿಲಿಮೀಟರಿನ ಪಿನ್ನಿಗೆ ಇದು ದುಬಾರಿ ಕೂಲಿ.

ಮಗ ಫೋನು ತೆಗೆದ. ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ರೈಫಲ್ ಜೋಡಿಸುವವರ ವಿಡಿಯೊ, ಅದರಲ್ಲೂ ಟ್ರಿಗರ್ ಪಿನ್ನು ಹೊರಬರುವುದರ ಬಗ್ಗೆಯೇ. "ನೋಡಣ್ಣ, ಅವರೇ ಮನೇಲಿ ಸರಿ ಮಾಡ್ಕೋತಾರೆ." ನೋಡಿದೆ. ಅಲ್ಲಿನ ಕೇಂದ್ರ ಕಾನೂನು ಸ್ವಂತಕ್ಕೆ ಕೋವಿ ಮಾಡಿಕೊಳ್ಳುವುದನ್ನು ತಡೆಯುವುದಿಲ್ಲ, ಕೆಲವು ರಾಜ್ಯಗಳು ಮಾತ್ರ ಕಟ್ಟುಪಾಡು ಹಾಕಿವೆ. ನಮ್ಮಲ್ಲಿ ಅದು ನೇರವಾಗಿ ಜೈಲಿನ ದಾರಿ. ಕಾನೂನು ಪಕ್ಕಕ್ಕಿಟ್ಟರೂ ಆ ವಿಡಿಯೊ ನಮಗೆ ಹೊಂದುವುದಿಲ್ಲ. ಆ ರೈಫಲ್ಲುಗಳಲ್ಲಿ ಪಿನ್ನು ಸಡಿಲವಾಗಿಯೇ ಕೂರುತ್ತದೆ, ಹೊರಗೆ ಬರದಂತೆ ಒಳಗಿನ ಸ್ಪ್ರಿಂಗು ಹಿಡಿದಿರುತ್ತದೆ. ದೊಡ್ಡಪ್ಪನ ಕೋವಿಯಲ್ಲಿ ಹಾಗೆ ಹಿಡಿಯುವ ಸ್ಪ್ರಿಂಗಿಲ್ಲ. ತೂತಿನ ಬಿಗಿಯೇ ಎಲ್ಲ. ಅವರ ರೋಗ ಬೇರೆ, ಇವರ ರೋಗ ಬೇರೆ, ಪಿನ್ನು ಅನ್ನುವ ಹೆಸರು ಮಾತ್ರ ಒಂದೇ.

ಇನ್ನೊಂದು ಕಾರಣ ಕಸುಬಿನದು. ಪಿನ್ನು ಹೊಸದು ಹಾಕಿದರೆ ಸರಿಹೋಗುತ್ತದೆ ಅನ್ನುವುದಕ್ಕೆ ತೂತು ಸರಿ ಇರಬೇಕು. ಮಸೂರ ಹಿಡಿದು ನೋಡಿದರೆ ಎಡಗಡೆಯ ತೂತಿನ ಬಾಯಿ ತುತ್ತೂರಿಯ ಹಾಗೆ ಅಗಲಿಸಿತ್ತು. ಅದರ ಸುತ್ತ ನಾಲ್ಕು ಕಡೆ ಸೆಂಟರ್ ಪಂಚಿನ ಚುಕ್ಕೆಗಳು. ಯಾರೋ ಅಂಚನ್ನು ಕುಟ್ಟಿ ತೂತು ಕಿರಿದು ಮಾಡಲು ನೋಡಿದ್ದಾರೆ. ನಮ್ಮ ಕಸುಬಿನಲ್ಲಿ ಇದನ್ನು ನಾವೂ ಮಾಡುತ್ತೇವೆ, ಹೇಳಿಕೊಳ್ಳುವುದಿಲ್ಲ. ಬೇರಿಂಗ್ ಮನೆ ಸಡಿಲವಾದಾಗ ಪಂಚಿನಲ್ಲಿ ನಾಲ್ಕು ಗುದ್ದು ಕೊಟ್ಟು ಕೂರಿಸಿ ಕಳಿಸಿದರೆ ಒಂದು ಹಂಗಾಮು ತಳ್ಳುತ್ತದೆ. ಕುಟ್ಟಿದ ಲೋಹ ಅಂಚಿನಲ್ಲಿ ಮಾತ್ರ ತೆಳುವಾಗಿ ಮುಂದೆ ಬರುತ್ತದೆ, ಕೆಲವು ಪೆಟ್ಟಿಗೆ ಸವೆಯುತ್ತದೆ, ಮೊದಲಿಗಿಂತ ಸಡಿಲವಾಗುತ್ತದೆ. ಪಂಪಿನಲ್ಲಾದರೆ ಗಲಾಟೆ ಮಾಡಿ ತಿಳಿಸುತ್ತದೆ. ಕೋವಿಯಲ್ಲಿ ತಿಳಿಸುವ ರೀತಿಯೇ ಬೇರೆ.

ಫೆವಿಕ್ವಿಕ್ ಹಾಕಿದರೆ ಅಂತ ಕೇಳಿದರು. ಎಣ್ಣೆ ಕುಡಿದ ಉಕ್ಕಿಗೆ ಅದು ಹಿಡಿಯುವುದಿಲ್ಲ. ಹಿಡಿದರೂ ಪೆಟ್ಟಿಗೆ ಗಾಜಿನ ಹಾಗೆ ಒಡೆಯುತ್ತದೆ. ವೆಲ್ಡಿಂಗಿನ ಒಂದು ಚುಕ್ಕೆ? ಅದಂತೂ ಬೇಡವೇ ಬೇಡ. ಗಟ್ಟಿ ಮಾಡಿದ ಭಾಗಗಳು ಬೆರಳಗಲದ ದೂರದಲ್ಲಿವೆ. ಕಾವು ತಾಗಿದರೆ ಅವು ಮೆತ್ತಗಾಗುತ್ತವೆ, ಕಚ್ಚು ಬೇಗ ಸವೆಯುತ್ತದೆ.

ಲೈಸೆನ್ಸ್ ಇರುವ ರಿಪೇರಿಯವರು ಬೇಕು ಅಂತ ತೀರ್ಮಾನವಾಯಿತು. ಬೆಂಗಳೂರಿನಲ್ಲಿ ಒಬ್ಬರು ಸಿಕ್ಕರು. ದೊಡ್ಡಪ್ಪನಿಗೆ ಮಂಡಿ ನೋವು, ಅಷ್ಟು ದೂರ ಕೂರಲಾಗುವುದಿಲ್ಲ. ಮಗನ ಹೆಸರಿನಲ್ಲಿ ಲೈಸೆನ್ಸ್ ಇಲ್ಲ. ಇಲ್ಲಿ ಕಾಯ್ದೆಯೇ ದಾರಿ ಕೊಡುತ್ತದೆ. 3ನೇ ಸೆಕ್ಷನ್ನಿನ ವಿನಾಯಿತಿಯ ಪ್ರಕಾರ ಲೈಸೆನ್ಸುದಾರರ ಲಿಖಿತ ಅಧಿಕಾರ ಪತ್ರ ಇದ್ದರೆ ಬೇರೊಬ್ಬರು ಅವರ ಕೋವಿಯನ್ನು ರಿಪೇರಿಗೋ ಲೈಸೆನ್ಸ್ ನವೀಕರಣಕ್ಕೋ ಒಯ್ಯಬಹುದು. ಕೋವಿಯ ನಂಬರು, ಲೈಸೆನ್ಸಿನ ನಂಬರು, ಯಾರು, ಯಾವ ದಿನ, ಎಲ್ಲಿಗೆ, ಯಾಕೆ, ಎಲ್ಲವನ್ನೂ ಬರೆದು ದೊಡ್ಡಪ್ಪ ಸಹಿ ಮಾಡಿದರು. ಲೈಸೆನ್ಸಿನಲ್ಲಿ ವ್ಯಾಪ್ತಿ ಇಡೀ ಕರ್ನಾಟಕ ಅಂತಿದೆಯೇ ಎಂದು ಎರಡು ಸಲ ಓದಿದೆವು. ಇತ್ತು. ಮೂಲ ಲೈಸೆನ್ಸ್ ಪುಸ್ತಕವನ್ನೂ ಜೊತೆಗೆ ಇಟ್ಟುಕೊಂಡೆವು. ಪಿನ್ನಿಲ್ಲದ ಖಾಲಿ ಕೋವಿ ಕಾರಿನ ಡಿಕ್ಕಿಯಲ್ಲಿ, ಮೊಳೆ ನನ್ನ ಜೇಬಿನಲ್ಲಿ. ಕೊರಟಗೆರೆ ದಾಟುವಾಗ ಒಂದು ಕಡೆ ಪೊಲೀಸರು ಗಾಡಿಗಳನ್ನು ನಿಲ್ಲಿಸುತ್ತಿದ್ದರು. ಮಗನ ಕೈ ಸ್ಟೇರಿಂಗಿನ ಮೇಲೆ ಬೆವರಿತ್ತು. ನಮ್ಮನ್ನು ಕೈ ಬೀಸಿ ಬಿಟ್ಟುಬಿಟ್ಟರು.

ರಿಪೇರಿಯವರು ವಯಸ್ಸಾದವರು. ಮಾತು ಕಡಿಮೆ. ಮೊದಲು ಲೈಸೆನ್ಸ್ ನೋಡಿ, ಪತ್ರ ನೋಡಿ, ಕೋವಿಯ ನಂಬರಿಗೆ ತಾಳೆ ಹಾಕಿ ರಿಜಿಸ್ಟರಿನಲ್ಲಿ ಬರೆದುಕೊಂಡರು. ಆಮೇಲೆ ಹಿಡಿಯ ಸ್ಕ್ರೂ ಬಿಚ್ಚಿದರು. ನಾನು ಮೊಳೆಯನ್ನು ಕೈಗಿಟ್ಟೆ. ಅದನ್ನು ಉಗುರಿನ ಮೇಲೆ ಉರುಳಿಸಿ ಅಂದರು: "ಇದು ಪಿನ್ನಾಗಿ ಬಂದು ಅರದ ಕೆಲಸ ಮಾಡಿದೆ."

ತೂತು ಅಳೆಯುವ ಅವರ ಗೇಜ್ ಪಿನ್ನುಗಳಲ್ಲಿ ಬಲಗಡೆಯ ತೂತಿಗೆ 3.02 ಹೋಯಿತು, ಮುಂದಿನದು ಹೋಗಲಿಲ್ಲ. ಎಡಗಡೆಯದಕ್ಕೆ 3.16 ಸಲೀಸಾಗಿ ಹೋಯಿತು. ಒಂದೇ ಪಿನ್ನಿನ ಎರಡು ತುದಿಗೆ ಇಷ್ಟು ವ್ಯತ್ಯಾಸ ಯಾಕೆ ಅನ್ನುವುದಕ್ಕೆ ಉತ್ತರ ಆ ಗೆರೆಗಳಲ್ಲಿತ್ತು. ಮೊಳೆಯ ನುಣುಪು ತುದಿ ಬಲಕ್ಕೆ, ಗೆರೆಯ ತುದಿ ಎಡಕ್ಕೆ ಬರುವಂತೆ ಹೊಡೆಯಲಾಗಿತ್ತು. ಮೊದಮೊದಲು ಗೆರೆಗಳು ಕಚ್ಚಿ ಬಿಗಿಯಾಗಿ ಕೂತಿರುತ್ತದೆ, ಹಾಕಿದವನಿಗೆ ಖುಷಿಯೂ ಆಗಿರುತ್ತದೆ. ಆದರೆ ವರ್ಷಕ್ಕೊಮ್ಮೆ ಎಣ್ಣೆ ಹಾಕಲು ಹೊಡೆದು ತೆಗೆಯುವುದು, ಮತ್ತೆ ಹೊಡೆದು ಕೂರಿಸುವುದು. ಪ್ರತಿ ಸಲವೂ ಆ ಗೆರೆಗಳು ಎಡತೂತನ್ನು ಒಂದಿಷ್ಟು ಕೆರೆದಿವೆ. ಹಾಗೆಯೇ ಟ್ರಿಗರ್ ಮೆದು ಮೊಳೆಯನ್ನು ನಡುವೆ ತಿಂದಿದೆ. ಹೀಗೆ ಪಿನ್ನು ಸಣ್ಣದಾಗುತ್ತ, ತೂತು ದೊಡ್ಡದಾಗುತ್ತ ಬಂದು, ಕೊನೆಗೆ ಸಡಿಲ ಕಣ್ಣಿಗೆ ಕಂಡದ್ದು ಆ ಸೆಪ್ಟೆಂಬರಿನಲ್ಲಿ. ನಾನು ಅಂಗಡಿಯಲ್ಲೇ 3 ಮಿಲಿಮೀಟರಿನ ಡೋವೆಲ್ ಹೊಡೆದಿದ್ದರೆ ಬಲಗಡೆ ಹೊಂದಿಕೊಂಡು, ಎಡಗಡೆ ಹಾಗೇ ತೂಗಾಡುತ್ತಿತ್ತು. ಬಿಗಿಯಾಯಿತು ಅಂತ ಕೈಗೆ ಅನಿಸುತ್ತಿತ್ತು, ಅದೇ ಹೆಚ್ಚು ಅಪಾಯ.

ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಮೊಳೆಯನ್ನೇ ಮತ್ತೆ ತೂರಿಸಿ, ಟ್ರಿಗರ್ ಎಳೆತ ಅಳೆದು ತೋರಿಸಿದರು. ಒಮ್ಮೆ ಮೂರೂವರೆ ಕಿಲೊ, ಮುಂದಿನ ಸಲ ಒಂದೂಕಾಲು, ಆಮೇಲೆ ಎರಡೂವರೆ. ಆಮೇಲೆ ಖಾಲಿ ಕೋವಿಯ ಹ್ಯಾಮರ್ ಎತ್ತಿ, ಹಿಡಿಯ ತಳವನ್ನು ರಬ್ಬರ್ ಚಾಪೆಯ ಮೇಲೆ ಒಂದು ಗೇಣಿನಿಂದ ಕುಕ್ಕಿದರು. ಮೂರನೆಯ ಸಲಕ್ಕೆ ಟಕ್ ಅಂತ ಹ್ಯಾಮರ್ ಬಿತ್ತು. ಟ್ರಿಗರಿನ ಹತ್ತಿರ ಯಾರ ಬೆರಳೂ ಇರಲಿಲ್ಲ. ಮಗ ಒಂದು ಮಾತೂ ಆಡಲಿಲ್ಲ. ರಾತ್ರಿ ಟಾರ್ಚ್ ಹಿಡಿದು ಮುಂದೆ ನಡೆಯುತ್ತಿದ್ದವನು ಅವನೇ.

ಕೋವಿ ಅಲ್ಲೇ ಉಳಿಯಿತು, ರಸೀದಿ ಕೊಟ್ಟರು. ಐದು ವಾರದ ನಂತರ ಫೋನು ಬಂತು. ಎರಡೂ ಗೋಡೆ ಮತ್ತು ಟ್ರಿಗರಿನ ತೂತುಗಳನ್ನು ಒಂದೇ ಸಾಲಿಗೆ ರೀಮರ್, ಅಂದರೆ ತೂತನ್ನು ಅಳತೆಗೆ ಹೆರೆಯುವ ಉಪಕರಣ, ಹಾಕಿ ದುಂಡಗೆ ಮಾಡಿ, ಆ ಅಳತೆಗೆ ಗಟ್ಟಿ ಉಕ್ಕಿನ ಹೊಸ ಪಿನ್ನು ಕೂರಿಸಿದ್ದರು. ಗೋಡೆಗಳಲ್ಲಿ ಬಿಗಿ, ಟ್ರಿಗರಿನಲ್ಲಿ ಸಲೀಸು. ವಾರೆಯಾಗಿ ಕೂತೂ ಕೂತೂ ಹ್ಯಾಮರಿನ ಕಚ್ಚಿನ ಅಂಚೂ ಒಂದು ಕಡೆ ದುಂಡಗಾಗಿತ್ತಂತೆ, ಅದನ್ನೂ ಕಲ್ಲಿಗೆ ಹಿಡಿದು ಸರಿ ಮಾಡಿದ್ದರು. ಎಷ್ಟು, ಹೇಗೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೇರೆಯವರ ಕಸುಬಿನ ಆ ಮೂಲೆಗೆ ಇಣುಕಬಾರದು. ತಕ್ಕಡಿ ಹತ್ತು ಸಲಕ್ಕೂ ಎರಡು ಕಿಲೊ ಆಸುಪಾಸಿನಲ್ಲೇ ನಿಂತಿತು. ಚಾಪೆಯ ಮೇಲೆ ಇಪ್ಪತ್ತು ಸಲ ಕುಕ್ಕಿದರೂ ಹ್ಯಾಮರ್ ಅಲ್ಲಾಡಲಿಲ್ಲ. ಕೂಲಿ ಎರಡು ಸಾವಿರದ ಇನ್ನೂರು ರೂಪಾಯಿ.

ಕೋವಿ ಊರಿಗೆ ಬರುವ ಹೊತ್ತಿಗೆ ಕಡಲೆಕಾಯಿ ಕಿತ್ತಾಗಿತ್ತು. ಬೆಟ್ಟದ ಕಡೆಯ ಎಂಟು ಸಾಲನ್ನು ಹಂದಿಗಳು ಮೊದಲೇ ಉತ್ತಿದ್ದವು. ಅಷ್ಟು ದಿನ ಪಟಾಕಿ ಹಚ್ಚಿ, ತಗಡು ಬಡಿದು ಕಾದಿದ್ದರು. ಕೋವಿ ಇದ್ದಾಗಲೂ ದೊಡ್ಡಪ್ಪ ಮಾಡುತ್ತಿದ್ದದ್ದು ಆಕಾಶಕ್ಕೊಂದು ಈಡು, ಅಷ್ಟೇ. ಕಾಡುಹಂದಿಯನ್ನೂ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ಕರಡಿಯಂತೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ನಮ್ಮ ಬೆಟ್ಟಗಳಲ್ಲಿ ಕರಡಿಗೇನೂ ಕೊರತೆಯಿಲ್ಲ.

ಮೊಳೆಯ ಕಥೆ ಗೊತ್ತಾದದ್ದು ಸಂಕ್ರಾಂತಿಗೆ, ಎಳ್ಳುಬೆಲ್ಲ ಕೊಡಲು ಹೋದಾಗ. ದೊಡ್ಡಮ್ಮ ಹೇಳಿದರು. ಎಷ್ಟೋ ವರ್ಷದ ಹಿಂದೆ ಜಗಲಿಯ ಮೇಲೆ ಕೂತು ಕೋವಿಗೆ ಎಣ್ಣೆ ಹಾಕುವಾಗ ಅಸಲಿ ಪಿನ್ನು ಉರುಳಿ ಕೊಟ್ಟಿಗೆ ಕಡೆ ಹೋಯಿತಂತೆ. ಎರಡು ದಿನ ಸಗಣಿ ಕೆದಕಿದರೂ ಸಿಗಲಿಲ್ಲವಂತೆ. ಮೂರನೆಯ ದಿನ ದೊಡ್ಡಪ್ಪ ಮೊಳೆಯ ತಲೆ ಕತ್ತರಿಸಿ, ಕಲ್ಲಿಗೆ ತಿಕ್ಕಿ, ಹೊಡೆದು ಕೂರಿಸಿದರು. ಪಂಚಿನ ನಾಲ್ಕು ಚುಕ್ಕೆಯೂ ಅವರ ಕೈಕೆಲಸವೇ. ಅದನ್ನು ಅವರು ಠಾಣೆಯವರ ತಲೆಗೆ ಕಟ್ಟಲು ಹೊರಟಿದ್ದರು.

ದೊಡ್ಡಪ್ಪ ಒಳಗಿನಿಂದಲೇ ಕೂಗಿದರು. "ಅವಳ ಮಾತು ಕೇಳಬೇಡ. ಕೋವಿ ಈಗ ಮಗನ ಹೆಸರಿಗೆ ಮಾಡಿಸ್ತಾ ಇದೀನಿ, ಅರ್ಜಿ ಬರೆಯೋಕೆ ಬಾ." 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಲೈಸೆನ್ಸುದಾರರಿಗೆ ಎಪ್ಪತ್ತು ವರ್ಷ ತುಂಬಿದರೆ ವಾರಸುದಾರರು ತಮ್ಮ ಹೆಸರಿಗೆ ಕೇಳಲು ಅವಕಾಶವಿದೆ. ಕೊಡುವುದು, ಬಿಡುವುದು ಜಿಲ್ಲಾಧಿಕಾರಿಗಳಿಗೆ ಬಿಟ್ಟದ್ದು. ಅರ್ಜಿ ಬರೆದೆವು. ಎದ್ದು ಹೊರಡುವಾಗ ಅವರು ನನ್ನ ಅಂಗಿಯ ಜೇಬಿನ ಕಡೆ ಬೆರಳು ತೋರಿಸಿದರು.

"ಆ ಮೊಳೆ ಏನ್ ಮಾಡ್ದೆ?"

ಅಂಗಡಿಯಲ್ಲಿದೆ ಅಂದೆ.

"ಬಿಸಾಕಬೇಡ. ಕೊಟ್ಟಿಗೆ ಬಾಗಿಲ ಕೀಲು ಸಡಿಲವಾಗಿದೆ."